ತೇರಿನ ಹಗ್ಗ, ದಾಸೋಹದ ರೊಟ್ಟಿ ಮತ್ತು ನನ್ನ ಗ್ರೂಪ್ ಪ್ರಾಜೆಕ್ಟು

ಫಾರಿನ್ನಿಗೆ ಓದಲು ಹೊರಟವರಿಗೆ ಎಲ್ಲರೂ ಎರಡು ವಿಷಯದಲ್ಲಿ ಬುದ್ಧಿ ಹೇಳುತ್ತಾರೆ. ಒಂದು ಚಳಿ, ಇನ್ನೊಂದು ಊಟ. ಮೂರನೆಯದನ್ನು ಯಾರೂ ಹೇಳುವುದಿಲ್ಲ. ಅದರ ಹೆಸರು ಗ್ರೂಪ್ ಪ್ರಾಜೆಕ್ಟ್.

ಚಳಿಗೆ ಜಾಕೆಟ್ ಸಿಗುತ್ತದೆ. ಊಟಕ್ಕೆ ಮನೆಯಿಂದ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಂದೆರಡು ತಿಂಗಳಾದರೂ ಬರುತ್ತವೆ. ಆದರೆ ಐದು ದೇಶಗಳ ಆರು ಮಂದಿ ಕೂಡಿ ಒಂದೇ ವರದಿ ಬರೆಯಿರಿ, ಬಂದ ಮಾರ್ಕ್ಸು ಆರೂ ಜನಕ್ಕೆ ಒಂದೇ ಅಂದರೆ, ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದು ಸಿಗುವುದಿಲ್ಲ.

ನಾನು ಕುಷ್ಟಗಿಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಗಂಗಾವತಿಯಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಆಮೇಲೆ ಎಂಜಿನಿಯರಿಂಗ್, ಬೆಂಗಳೂರಿನಲ್ಲಿ ಮೂರು ವರ್ಷ ನೌಕರಿ. 2024ರ ಸೆಪ್ಟೆಂಬರ್‌ನಲ್ಲಿ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಎಂಎಸ್ಸಿಗೆಂದು ಇಂಗ್ಲೆಂಡಿಗೆ ಹೋದೆ. ಒಂದು ವರ್ಷದ ಕೋರ್ಸು. ಆ ವರ್ಷದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗ್ರೂಪ್ ಪ್ರಾಜೆಕ್ಟು. ತಲೆ ಕೆಡದಂತೆ ಕಾಪಾಡಿದ್ದು ಯಾವ ಪರೀಕ್ಷೆಗೂ ಬಾರದ, ಸುಮ್ಮನೆ ಖುಷಿಗೆ ಓದಿದ ಕೆಲವು ಪುಸ್ತಕಗಳು. ಇವೆರಡರ ಬಗ್ಗೆಯೂ ಹೇಳುತ್ತೇನೆ. ನೀವು ವಿದೇಶಕ್ಕೆ ಹೋಗದಿದ್ದರೂ ಆಫೀಸಿನಲ್ಲಿ ಒಂದು ಟೀಮ್ ಅಂತ ಇದ್ದೇ ಇರುತ್ತದಲ್ಲ, ಅಲ್ಲಿಗೂ ಇದು ಉಪಯೋಗಕ್ಕೆ ಬರಬಹುದು.

ಬ್ಯಾಂಕಿನಲ್ಲಿದ್ದ ಮನೆ

ಮೊದಲು ರೊಕ್ಕದ ಮಾತು. ನನ್ನ ಸಾಲ 22 ಲಕ್ಷ ರೂಪಾಯಿ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಅಪ್ಪ ಹೊಲದ ಪಹಣಿ ಹಿಡಿದುಕೊಂಡು ಹೋದರೆ, "ಹೊಲದ್ದು ಬ್ಯಾಡ್ರಿ, ಮನಿ ಕಾಗದ ತರ್ರಿ" ಅಂದರಂತೆ. ಹಾಗೆ ಅಜ್ಜ ಕಟ್ಟಿಸಿದ ಕುಷ್ಟಗಿಯ ಮನೆಯ ಕಾಗದಪತ್ರ ಬ್ಯಾಂಕಿನ ಕಪಾಟು ಸೇರಿತು.

ಆದ್ದರಿಂದ ನನಗೆ ಒಂದೊಂದು ಮಾರ್ಕಿಗೂ ಬೆಲೆ ಇತ್ತು. ಇಂಗ್ಲೆಂಡಿನ ಮಾಸ್ಟರ್ಸ್ ಡಿಗ್ರಿಯಲ್ಲಿ ನೂರಕ್ಕೆ 50 ಬಂದರೆ ಪಾಸು, 60 ಬಂದರೆ ಮೆರಿಟ್, 70 ಬಂದರೆ ಡಿಸ್ಟಿಂಕ್ಷನ್. ನಮ್ಮಲ್ಲಿ 85, 90 ನೋಡಿ ಬೆಳೆದವರಿಗೆ ಇದು ಸಲೀಸು ಅನ್ನಿಸುತ್ತದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ, 60 ದಾಟಿಸುವುದು ಎಷ್ಟು ಕಷ್ಟ ಅಂತ. ನಾನು ಅರ್ಜಿ ಹಾಕಬೇಕೆಂದಿದ್ದ ಕೆಲಸಗಳಿಗೆ ಮೆರಿಟ್ ಬೇಕಿತ್ತು. ಮೆರಿಟ್ ತಪ್ಪಿದರೆ ಕೆಲಸ ತಡ, ಕೆಲಸ ತಡವಾದರೆ ಕಂತು ತಡ, ಕಂತು ತಡವಾದರೆ ಅಜ್ಜನ ಮನೆ. ಲೆಕ್ಕ ಇಷ್ಟೇ.

ಮೊದಲ ಸೆಮಿಸ್ಟರ್‌ನ ಒಂದು ವಿಷಯದಲ್ಲಿ ಅರ್ಧ ಮಾರ್ಕ್ಸು ಗ್ರೂಪ್ ಪ್ರಾಜೆಕ್ಟಿಗೇ ಇತ್ತು.

ಆರು ಮಂದಿ, ಒಂದು ಮಾರ್ಕು

ಗುಂಪು ಮಾಡಿದ್ದು ವಿಭಾಗದವರು. ಚೀನಾದ ಹುಡುಗಿ ಒಬ್ಬಳು, ನೈಜೀರಿಯಾದಲ್ಲಿ ಎಂಟು ವರ್ಷ ಬ್ಯಾಂಕಿನಲ್ಲಿ ದುಡಿದು ಬಂದ ಅಕ್ಕ ಒಬ್ಬಳು, ಟರ್ಕಿಯ ಹುಡುಗ, ಅದೇ ಊರಿನ ಬ್ರಿಟಿಷ್ ಹುಡುಗ, ನಮ್ಮ ದೇಶದವನೇ ಇನ್ನೊಬ್ಬ, ಮತ್ತೆ ನಾನು. ವಿಷಯ ಚೆನ್ನಾಗಿತ್ತು: ಸೂಪರ್‌ಮಾರ್ಕೆಟ್‌ಗೆ ಹೋಗುವ ತರಕಾರಿ ದಾರಿಯಲ್ಲಿ ಎಲ್ಲೆಲ್ಲಿ ಕೆಡುತ್ತದೆ, ಅದನ್ನು ತಡೆಯುವುದು ಹೇಗೆ. ಮಾರುಕಟ್ಟೆಯಲ್ಲಿ ರೇಟು ಸಿಗದೆ ಟೊಮೆಟೊವನ್ನು ರಸ್ತೆಗೆ ಸುರಿಯುವುದನ್ನು ಕಂಡ ಊರಿನವಳು ನಾನು. ಹುರುಪಿನಿಂದಲೇ ಹೋದೆ.

ಮೊದಲ ತೊಡಕು ಫೋನಿನಲ್ಲೇ ಶುರುವಾಯಿತು. ಐವರು ವಾಟ್ಸ್ಆ್ಯಪ್‌ನಲ್ಲಿ, ಚೀನಾದವಳು ವೀಚಾಟ್‌ನಲ್ಲಿ. ಎರಡನೆಯದು ಸಮಯ. ಸ್ಟೂಡೆಂಟ್ ವೀಸಾದಲ್ಲಿ ಹೋದವರು ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಒಬ್ಬರದು ಗೋದಾಮಿನ ಬೆಳಗಿನ ಪಾಳಿ, ಇನ್ನೊಬ್ಬರದು ವೃದ್ಧಾಶ್ರಮದ ರಾತ್ರಿ ಪಾಳಿ. ಆರೂ ಜನಕ್ಕೆ ಹೊಂದುವ ಒಂದು ತಾಸು ವಾರಪೂರ್ತಿ ಹುಡುಕಿದರೂ ಸಿಗುತ್ತಿರಲಿಲ್ಲ.

ಮೂರನೆಯದು ಎಲ್ಲ ಗುಂಪಿನಲ್ಲೂ ಇರುವಂಥದ್ದು. ಒಬ್ಬ ಮೊದಲ ದಿನವೇ "ಒಟ್ಟಾರೆ ನಾನು ನೋಡ್ಕೊತೀನಿ" ಅಂದ. ನಮ್ಮೂರ ಕಟ್ಟೆ ಮೇಲೆ ಕೂತು "ಎತ್ರಿ ಎತ್ರಿ, ಹಾಂ, ಹಂಗ ಎತ್ರಿ" ಅನ್ನುವವರು ಇರುತ್ತಾರಲ್ಲ, ಆ ಪೈಕಿ. ಇನ್ನೊಬ್ಬ ಐದು ವಾರ ನಾಪತ್ತೆ. ಮೆಸೇಜು ಓದಿದ ಗುರುತು ನೀಲಿಯಾಗುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ವರದಿ ಕೊಡುವ ಹಿಂದಿನ ಸಂಜೆ ಬಂದವನು ಸ್ಲೈಡುಗಳ ಅಕ್ಷರ ಬದಲಿಸಿ, ಮೊದಲ ಸ್ಲೈಡಿನಲ್ಲಿ ತನ್ನ ಹೆಸರಿನ ಸ್ಪೆಲಿಂಗ್ ಸರಿಮಾಡಿ ಹೋದ.

ನೈಜೀರಿಯಾದ ಅಕ್ಕ ಮತ್ತು ನಾನು ಮೂರು ರಾತ್ರಿ ಕೂತು ಚೂರುಚೂರಾಗಿ ಬಂದದ್ದನ್ನೆಲ್ಲ ಹೊಲಿದೆವು. ಮಾರ್ಕ್ಸು ಬಂತು: 54. ಆರೂ ಜನಕ್ಕೆ 54. ಅಕ್ಷರ ಬದಲಿಸಿದವನಿಗೂ 54.

ಪಾಠ ಮಾಡುವವರ ಹತ್ತಿರ ಹೋಗಿ ಕೇಳಿದರೆ, "ಗುಂಪನ್ನು ನಿಭಾಯಿಸುವುದೂ ಕಲಿಕೆಯ ಭಾಗವೇ" ಅಂದರು. ಮಾತು ಸುಳ್ಳಲ್ಲ. ಆದರೆ ನಿಭಾಯಿಸುವುದು ಹೇಗೆ ಅಂತ ಆ ಕೋರ್ಸಿನಲ್ಲಿ ಯಾರೂ ಒಂದು ಕ್ಲಾಸೂ ತೆಗೆದುಕೊಂಡಿರಲಿಲ್ಲ.

ಈ ಕಾಯಿಲೆಗೆ ನೂರು ವರ್ಷದ ಹೆಸರಿದೆ

ಸಿಟ್ಟು ಬಂದಾಗ ನಾನು ಹುಡುಕಿ ಓದುತ್ತೇನೆ. ಹಾಗೆ ಸಿಕ್ಕವರು ಮ್ಯಾಕ್ಸ್ ರಿಂಗೆಲ್ಮನ್. ಫ್ರಾನ್ಸಿನ ಕೃಷಿ ಎಂಜಿನಿಯರ್. ಎತ್ತು, ಕುದುರೆ, ಮನುಷ್ಯರು ಎಷ್ಟು ಭಾರ ಎಳೆಯಬಲ್ಲರು ಎಂದು ಅಳೆಯುತ್ತಿದ್ದವರು. 1880ರ ದಶಕದಲ್ಲಿ ಜನರ ಕೈಗೆ ಹಗ್ಗ ಕೊಟ್ಟು ಎಳೆಸಿದರು. ಫಲಿತಾಂಶ ಪ್ರಕಟಿಸಿದ್ದು 1913ರಲ್ಲಿ. ಒಬ್ಬನೇ ಎಳೆದಾಗಿನ ಬಲವನ್ನು ನೂರು ಅಂತ ಹಿಡಿದರೆ, ಇಬ್ಬರು ಕೂಡಿದಾಗ ತಲಾ 93, ನಾಲ್ವರಾದಾಗ 77, ಎಂಟು ಮಂದಿಯಾದಾಗ 49. ಅಂದರೆ ಎಂಟು ಜನ ಹಗ್ಗ ಹಿಡಿದರೆ ನಾಲ್ಕು ಜನರಷ್ಟೇ ಕೆಲಸ.

ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲು ಆಗುವುದಿಲ್ಲ, ಅದಕ್ಕೇ ಹೀಗೆ ಅನ್ನಬಹುದು. 1974ರಲ್ಲಿ ಅಮೆರಿಕದ ಸಂಶೋಧಕರು ಅದನ್ನೂ ಪರೀಕ್ಷಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ ಎಂದು ನಂಬಿಸಿದರು. ಹಿಂದೆ ಯಾರೂ ಎಳೆಯುತ್ತಿರಲಿಲ್ಲ. ಆದರೂ ಎಳೆಯುವವನ ಬಲ ಕಡಿಮೆಯಾಯಿತು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ಹೊಡೆಸಿ, ಕೂಗಿಸಿ ಇದನ್ನೇ ಕಂಡರು. ಗುಂಪಿನಲ್ಲಿ ಸೇರಿದಾಗ ಮೈ ಸಡಿಲ ಬಿಡುವ ಈ ಗುಣಕ್ಕೆ ಸೋಶಿಯಲ್ ಲೋಫಿಂಗ್ ಅಂತ ಹೆಸರಿಟ್ಟರು. ನಾವಾದರೆ ಪುಕ್ಕಟೆ ಸವಾರಿ ಅನ್ನುತ್ತೇವೆ.

ಎರಡು ವರ್ಷದ ನಂತರ ಅದೇ ತಂಡ ಮತ್ತೊಂದು ಸಂಗತಿ ತೋರಿಸಿತು. ಗುಂಪಿನಲ್ಲಿದ್ದರೂ ಪ್ರತಿಯೊಬ್ಬರ ಸದ್ದನ್ನೂ ಬೇರೆ ಬೇರೆ ಅಳೆಯುತ್ತೇವೆ ಎಂದು ಮೊದಲೇ ಹೇಳಿದರೆ ಜನ ಸಡಿಲ ಬಿಡುವುದಿಲ್ಲ. ಇದನ್ನು ಓದಿದ ತಕ್ಷಣ ನನಗೆ ಕೊಪ್ಪಳದ ಜಾತ್ರೆ ನೆನಪಾಯಿತು.

ತೇರು ಬೇರೆ, ರೊಟ್ಟಿ ಬೇರೆ

ಗವಿಸಿದ್ಧೇಶ್ವರ ಜಾತ್ರೆ ಬರುವುದು ಜನವರಿಯಲ್ಲಿ. ಆ ವರ್ಷ ಗ್ರಂಥಾಲಯದ ಮೂಲೆಯಲ್ಲಿ ಕೂತು ಫೋನಿನಲ್ಲಿ ತೇರು ನೋಡಿದೆ. ಕೊಪ್ಪಳದಲ್ಲಿ ಸಂಜೆ, ನನಗೆ ಮಟಮಟ ಮಧ್ಯಾಹ್ನ. ಲಕ್ಷಗಟ್ಟಲೆ ಜನ, ಉತ್ತತ್ತಿ ಎಸೆಯುವ ಕೈಗಳು, ನಡುವೆ ಆ ಉದ್ದದ ಹಗ್ಗ.

ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ಎಳೆಯುತ್ತಾರಾ? ಜಾತ್ರೆಗೆ ಹೋದ ಯಾರನ್ನಾದರೂ ಕೇಳಿ. ಮುಟ್ಟಿ ಹಣೆಗೊತ್ತಿಕೊಂಡರೆ ಸಾಕು, ಪುಣ್ಯ ಬಂತು. ಯಾರು ಎಷ್ಟು ಎಳೆದರು ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ತೇರು ಅಂದರೆ ಭಕ್ತಿ, ಅಲ್ಲಿ ಲೆಕ್ಕ ಇಲ್ಲ.

ಅದೇ ಜಾತ್ರೆಯ ಮಹಾದಾಸೋಹ ನೋಡಿ. ದಿನಗಟ್ಟಲೆ ಬಂದವರಿಗೆಲ್ಲ ಊಟ. ಅದಕ್ಕೆ ಬೇಕಾದ ಜೋಳದ ರೊಟ್ಟಿ ಸುತ್ತಲಿನ ಹಳ್ಳಿಗಳಿಂದ ಬರುತ್ತದೆ. ನನ್ನ ಅವ್ವನ ತವರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಜಾತ್ರೆ ಹತ್ತಿರ ಬಂತೆಂದರೆ ಅಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ. ಈ ಮನೆಯದು ಐವತ್ತು, ಆ ಮನೆಯದು ನೂರು. ಎಲ್ಲ ಕೂಡಿಸಿ ಟ್ರ್ಯಾಕ್ಟರಿಗೆ ಹೇರಿ, ಮುಂದೆ ಊರ ಹೆಸರಿನ ಬ್ಯಾನರ್ ಕಟ್ಟಿ ಕೊಪ್ಪಳಕ್ಕೆ ಒಯ್ಯುತ್ತಾರೆ. ದಾಸೋಹ ದೊಡ್ಡದು, ಎಲ್ಲರದ್ದು. ಆದರೆ ನಮ್ಮ ಮನೆಯ ರೊಟ್ಟಿ ಎಷ್ಟು ಅಂತ ಅಜ್ಜಿಗೆ ಗೊತ್ತು, ಓಣಿಗೂ ಗೊತ್ತು. ಯಾರದಾದರೂ ಬರದಿದ್ದರೆ ಬೈಯುವುದಿಲ್ಲ, "ಯಾಕ, ಮನ್ಯಾಗ ಆರಾಮಿಲ್ಲೇನು?" ಅಂತ ಕೇಳಲು ಯಾರಾದರೂ ಬರುತ್ತಾರೆ.

ವಿಭಾಗದವರು ನಮ್ಮ ಆರು ಮಂದಿಗೆ ಕೊಟ್ಟದ್ದು ತೇರಿನ ಹಗ್ಗ. ನಮಗೆ ಬೇಕಾಗಿದ್ದದ್ದು ದಾಸೋಹದ ಲೆಕ್ಕ. ಎರಡನೇ ಸೆಮಿಸ್ಟರಿಗೆ ಹೀಗೊಂದು ವಿಚಾರ ತಲೆಯಲ್ಲಿ ಕೂತಿತು.

ಕತಿ ಪುಸ್ತಕದ ಜಗಳ

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಗಂಗಾವತಿಯಲ್ಲಿ ಪಿಯುಸಿ ಓದುವಾಗ ಗಂಗಾವತಿ ಪ್ರಾಣೇಶರ ಹಾಸ್ಯ ಭಾಷಣ ಕೇಳಿ ನಕ್ಕೂ ನಕ್ಕೂ, ಅವರು ಇಷ್ಟು ಹೊಗಳುವ ಬೀಚಿ ಯಾರಪ್ಪಾ ಅಂತ ಹುಡುಕಿಕೊಂಡು ಹೋದವಳು ನಾನು. ಅಲ್ಲಿಂದ ಹಿಡಿದ ಓದಿನ ಚಟ ಬಿಟ್ಟಿಲ್ಲ. ಇಂಗ್ಲೆಂಡಿಗೆ ಹೊರಟಾಗ ಸೂಟ್‌ಕೇಸಿನಲ್ಲಿ ನಾಲ್ಕು ಪುಸ್ತಕ ಇಟ್ಟಿದ್ದೆ. ತೂಕ ಮಾಡುವಾಗ ಅವ್ವ ಒಂದೊಂದನ್ನೇ ಹೊರಗಿಟ್ಟಳು. "ಇದನ್ನ ತೆಗಿ ಯವ್ವಾ, ಇನ್ನ ಹತ್ತು ರೊಟ್ಟಿ ಹಿಡಿತಾವ." ಕೊನೆಗೆ ಉಳಿದದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಒಂದೇ. ತೆಳ್ಳಗಿತ್ತು, ಬಚಾವಾಯಿತು.

54 ಬಂದ ವಾರ ನಾನು ಅದನ್ನು ಮತ್ತೆ ಓದುತ್ತಿದ್ದೆ. ವಿಡಿಯೊ ಕಾಲ್‌ನಲ್ಲಿ ಅಪ್ಪ ಕೇಳಿದರು:

"ಏನು ಓದಾಕತ್ತೀಯವ್ವಾ? ಪರೀಕ್ಷಾದ್ದೇನು?"

"ಅಲ್ಲಪ್ಪಾ, ಕಾದಂಬರಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ ದೂರ ಹೋಗಿ ಕತಿ ಪುಸ್ತಕನಾ?" ಅಂದರು.

ನಾನು ಅನಂತಮೂರ್ತಿಯವರ ಕಥೆ ಹೇಳಿದೆ. 1960ರ ದಶಕದಲ್ಲಿ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಮಾಡಲು ಬಂದರು. ವಿಷಯ, 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕಾರಣ. ಒಂದು ಸಂಜೆ ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು, ಅದೂ ಸಬ್‌ಟೈಟಲ್ ಇಲ್ಲದೆ. ಆ ಸಿನಿಮಾ ತಲೆಯಲ್ಲಿ ಎಬ್ಬಿಸಿದ್ದನ್ನೆಲ್ಲ ಹಿಡಿದು ಕನ್ನಡದಲ್ಲಿ 'ಸಂಸ್ಕಾರ' ಬರೆದರು. ಕಾದಂಬರಿ ಹೊರಬಂದದ್ದು 1965ರಲ್ಲಿ, ಪಿಎಚ್‌ಡಿ ಸಿಕ್ಕಿದ್ದು 1966ರಲ್ಲಿ. ಇವತ್ತು ಜನ ನೆನಪಿಟ್ಟುಕೊಂಡಿರುವುದು ಯಾವುದನ್ನ, ನೀವೇ ಹೇಳಿ ಅಂದೆ.

ಅಪ್ಪ ಪೂರ್ತಿ ಕೇಳಿದರು. ಕೇಳಿ, "ಆತು ಬಿಡವ್ವಾ, ಅವ್ರ ಮನಿ ಬ್ಯಾಂಕಿನ್ಯಾಗ ಇರ್ಲಿಲ್ಲ" ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸಾಲ ಮಾಡಿ ಓದುವ ಮಕ್ಕಳಿಗೆ ಬಿಡುವಿನ ಒಂದೊಂದು ತಾಸೂ ಕದ್ದದ್ದು ಅನ್ನಿಸುತ್ತದೆ. ಆದರೂ ನಾನು ಓದುವುದನ್ನು ಬಿಡಲಿಲ್ಲ. ಕಾರಣ ಸರಳ. ಆ ವರ್ಷ ನಾನು ಬರೆದದ್ದಕ್ಕೆಲ್ಲ ಪದಗಳ ಮಿತಿ ಇತ್ತು, ಗಡುವು ಇತ್ತು, ಎಷ್ಟೋ ಸಲ ನನ್ನ ಹೆಸರಿನ ಜೊತೆ ಇನ್ನೈದು ಹೆಸರು ಇತ್ತು. ರಾತ್ರಿಯ ಆ ಅರ್ಧ ಗಂಟೆ ಮಾತ್ರ ಯಾರೂ ಮಾರ್ಕ್ಸು ಕೊಡುತ್ತಿರಲಿಲ್ಲ, ಯಾರೂ ಪಾಲು ಕೇಳುತ್ತಿರಲಿಲ್ಲ. ಅರ್ಧ ಗಂಟೆ ಓದಿ ಮಲಗಿದರೆ ಬೆಳಿಗ್ಗೆ ಗುಂಪಿನ ಮೆಸೇಜು ನೋಡಿದಾಗ ಹಲ್ಲು ಕಡಿಯುವುದು ಸ್ವಲ್ಪ ಕಡಿಮೆಯಾಗುತ್ತಿತ್ತು.

ಮಂದಣ್ಣ ಕಲಿಸಿದ್ದು

'ಕರ್ವಾಲೊ' 1980ರಲ್ಲಿ ಬಂದ ಕಾದಂಬರಿ. ನಿಮ್ಮಲ್ಲಿ ಬಹಳಷ್ಟು ಜನ ಓದಿರುತ್ತೀರಿ. ಈ ಸಲ ಓದುವಾಗ ನನಗೆ ಅದೂ ಒಂದು ಗ್ರೂಪ್ ಪ್ರಾಜೆಕ್ಟಿನ ಕಥೆಯಂತೆ ಕಂಡಿತು. ಹಾರುವ ಓತಿಯನ್ನು ಹುಡುಕಲು ಕಾಡಿಗೆ ಹೊರಟ ಗುಂಪು. ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಒಬ್ಬ ಫೋಟೊ ತೆಗೆಯುವವನು, ಒಬ್ಬ ಅಡುಗೆಯವನು, ಒಂದು ನಾಯಿ, ಮತ್ತೆ ಮಂದಣ್ಣ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಆದರೆ ಕಾಡನ್ನು ಓದಲು ಬರುವುದು ಅವನಿಗೆ. ಅದನ್ನು ಗುರುತಿಸುವುದೇ ಕರ್ವಾಲೊ ಅವರ ದೊಡ್ಡತನ.

ನಮ್ಮ ಗುಂಪಿನ ಚೀನಾದ ಹುಡುಗಿ ಮೀಟಿಂಗಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. "ಒಟ್ಟಾರೆ ನೋಡಿಕೊಳ್ಳುವವನು" ಅವಳ ಬಗ್ಗೆ, ಇವಳಿಂದ ಏನೂ ಆಗಲ್ಲ ಅಂತ ತೀರ್ಮಾನ ಕೊಟ್ಟಾಗಿತ್ತು. ಆದರೆ ಆ ಮೌನ ನನಗೆ ಗೊತ್ತಿರುವ ಮೌನ. ಎಂಜಿನಿಯರಿಂಗ್ ಮೊದಲ ವರ್ಷ ನಾನೂ ಹೀಗೇ ಇದ್ದೆ. ಉತ್ತರ ತಲೆಯಲ್ಲಿ ಕನ್ನಡದಲ್ಲಿ ತಯಾರಾಗಿ, ಇಂಗ್ಲಿಷಿಗೆ ತಿರುಗುವಷ್ಟರಲ್ಲಿ ಇನ್ಯಾರೋ ಹೇಳಿ ಮುಗಿಸಿರುತ್ತಿದ್ದರು.

ನನ್ನ ಅಜ್ಜನಿಗೂ ಇದೇ ಅನುಭವ, ಭಾಷೆ ಮಾತ್ರ ಬೇರೆ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಜ್ಜ ಕಲಿತದ್ದು ಉರ್ದು ಶಾಲೆಯಲ್ಲಿ. "ಗೊತ್ತಿರ್ತಿತ್ತು, ಬಾಯಿಗೆ ಬರ್ತಿರ್ಲಿಲ್ಲ" ಅನ್ನುತ್ತಿದ್ದರು. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಕೂಡ ಓದಿದ್ದು ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಐಎಎಸ್ ಅಧಿಕಾರಿಯಾದರು, ಕಾವ್ಯಾನಂದ ಎಂಬ ಹೆಸರಿನಲ್ಲಿ ಬರೆದದ್ದು ಕನ್ನಡದಲ್ಲಿ. ಕ್ಲಾಸಿನ ಭಾಷೆ ಒಂದು, ಮನಸ್ಸಿನ ಭಾಷೆ ಇನ್ನೊಂದು ಆಗಿರುವುದು ನಮ್ಮ ಕಡೆಯವರಿಗೆ ಹೊಸದಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಹೊಸ ಗುಂಪು, ಆದರೆ ಆ ಹುಡುಗಿ ಮತ್ತೆ ನನ್ನ ಜೊತೆಗೇ ಬಂದಳು. ಮೀಟಿಂಗಿಗೆ ಮೊದಲು ಒಮ್ಮೆ ಚಹಾ ಕುಡಿಯೋಣ ಬಾ ಅಂತ ಕರೆದೆ. ಆಗ ತಿಳಿಯಿತು, ಅವಳು ನಿಂಗ್ಬೊ ಬಂದರಿನ ಗೋದಾಮಿನಲ್ಲಿ ಎರಡು ವರ್ಷ ದುಡಿದು ಬಂದವಳು. ಸರಕು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ನಿಂತರೆ ಎಷ್ಟು ಖರ್ಚು ಬೀಳುತ್ತದೆ, ಎಲ್ಲ ಅವಳ ಬೆರಳ ತುದಿಯಲ್ಲಿ. ಇಡೀ ಕ್ಲಾಸು ಪುಸ್ತಕದಲ್ಲಿ ಓದುತ್ತಿದ್ದುದನ್ನು ಅವಳು ಕೈಯಾರೆ ಮಾಡಿದ್ದಳು. ನಮ್ಮ ಮಂದಣ್ಣ ಪಕ್ಕದಲ್ಲೇ ಕೂತಿದ್ದ!

ರೊಟ್ಟಿ ಲೆಕ್ಕದ ಐದು ನಿಯಮ

ಹೊಸ ಗುಂಪಿನ ಮೊದಲ ಮೀಟಿಂಗಿನಲ್ಲೇ ದಾಸೋಹದ ಕಥೆ ಹೇಳಿದೆ. ನಕ್ಕರು, ಆದರೆ ಒಪ್ಪಿದರು. ನಾವು ಮಾಡಿಕೊಂಡದ್ದು ಇಷ್ಟು:

ಒಂದು, ಪ್ರತಿ ಪಾಲಿಗೂ ಹೆಸರು. ಮೊದಲ ದಿನವೇ ಹಂಚಿಕೊಂಡ ಗೂಗಲ್ ಡಾಕ್‌ನಲ್ಲಿ ತಲೆಬರಹ ಹಾಕಿ, ಪಕ್ಕದಲ್ಲಿ ಒಬ್ಬರ ಹೆಸರು. "ಎಲ್ಲರೂ ಸೇರಿ" ಅನ್ನುವ ಪದಕ್ಕೆ ಜಾಗ ಇಲ್ಲ. ಯಾರು ಯಾವಾಗ ಏನು ಬರೆದರು ಅಂತ ಆ ಡಾಕ್ ತಾನೇ ಇತಿಹಾಸ ಇಟ್ಟುಕೊಳ್ಳುತ್ತದೆ.

ಎರಡು, ವಾರಕ್ಕೊಮ್ಮೆ ಹದಿನೈದು ನಿಮಿಷ. ಏನು ತಂದಿ, ಎಲ್ಲಿ ಸಿಕ್ಕಿಕೊಂಡಿ, ಮುಂದಿನ ವಾರ ಏನು. ಮೂರೇ ಪ್ರಶ್ನೆ. ಪಾಳಿಯಲ್ಲಿರುವವರು ವಾಯ್ಸ್ ಮೆಸೇಜ್ ಕಳಿಸಿದರೂ ನಡೆಯುತ್ತದೆ.

ಮೂರು, ಮುಯ್ಯಾಳು. ನಮ್ಮ ಕಡೆ ಬಿತ್ತನೆ, ಕಳೆ ಹೊತ್ತಿನಲ್ಲಿ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಅನ್ನುತ್ತೇವಲ್ಲ, ಅದೇ. ಚೀನಾದ ಹುಡುಗಿಯ ಇಂಗ್ಲಿಷ್ ನಾನು ತಿದ್ದಿದೆ, ನನ್ನ ಎಕ್ಸೆಲ್ ಲೆಕ್ಕ ಅವಳು ತಿದ್ದಿದಳು. ಉಪಕಾರ ಅನ್ನುವ ಭಾರ ಇಬ್ಬರಿಗೂ ಇರಲಿಲ್ಲ.

ನಾಲ್ಕು, ಜೋಡಿಸುವುದೂ ಒಂದು ಪಾಲು. ಬಂದ ರೊಟ್ಟಿಯನ್ನು ಎಣಿಸಿ ಪೇರಿಸಿ ಇಡುವವರದ್ದೂ ಸೇವೆಯೇ. ಕೊನೆಯಲ್ಲಿ ಎಲ್ಲ ಭಾಗ ಹೊಂದಿಸಿ ಒಂದೇ ಧಾಟಿಗೆ ತರುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ನಿದ್ದೆ ಮಾತ್ರ ಅದೇ ತಿನ್ನುತ್ತದೆ. ಆ ಕೆಲಸ ಹೊತ್ತವರಿಗೆ ಬರೆಯುವ ಪಾಲು ಕಡಿಮೆ.

ಐದು, ದೂರು ಬೇಗ. ನಾಲ್ಕನೇ ವಾರಕ್ಕೂ ಯಾರದಾದರೂ ಪಾಲು ಖಾಲಿ ಇದ್ದರೆ ಮೊದಲು ಅವರನ್ನೇ "ಆರಾಮಿದ್ದೀಯಾ?" ಅಂತ ಕೇಳುವುದು, ಆಮೇಲೆ ಪಾಠ ಮಾಡುವವರಿಗೆ ತಿಳಿಸುವುದು. ಮಾರ್ಕ್ಸು ಬಂದ ಮೇಲೆ ಹೇಳಿದರೆ ಅದು ಬರೀ ಗೋಳು.

ನಾಲ್ಕನೇ ವಾರಕ್ಕೆ ಒಬ್ಬನ ಪಾಲು ಖಾಲಿಯೇ ಇತ್ತು. ಕೇಳಿದೆವು. ಮನೆ ಬಾಡಿಗೆ ಕಟ್ಟಲಾಗದೆ ಸಿಕ್ಕಿದ ಪಾಳಿಯನ್ನೆಲ್ಲ ಹಿಡಿಯುತ್ತಿದ್ದಾನೆ ಅಂತ ಗೊತ್ತಾಯಿತು. ಪಾಠ ಮಾಡುವವರಿಗೆ ತಿಳಿಸಿ, ಅವನಿಗೆ ಸಣ್ಣ ಪಾಲು ಕೊಟ್ಟೆವು. ಅಷ್ಟನ್ನು ಅಚ್ಚುಕಟ್ಟಾಗಿ ಮಾಡಿದ. ಈ ವಿಷಯದಲ್ಲಿ ಗುಂಪಿನವರೇ ಒಬ್ಬರಿಗೊಬ್ಬರು ಅಂಕ ಕೊಡುವ ಪದ್ಧತಿಯೂ ಇತ್ತು. ಅದರಂತೆ ಅವನಿಗೆ ಸ್ವಲ್ಪ ಕಡಿಮೆ ಬಂತು. ಅವನೂ ಸರಿ ಅಂದ. ಇಂಥ ಪದ್ಧತಿ ಅಲ್ಲಿ ಅಪರೂಪವೇನಲ್ಲ. ಲಾಫ್‌ಬರೋ ವಿಶ್ವವಿದ್ಯಾಲಯ ಇದಕ್ಕೆಂದೇ ವೆಬ್‌ಪಿಎ ಅನ್ನುವ ತಂತ್ರಾಂಶ ಮಾಡಿದೆ. ಹೋಗುವವರು ಮೊದಲ ವಾರವೇ ಕೇಳಿಕೊಳ್ಳಿ, ನಮ್ಮ ವಿಷಯದಲ್ಲಿ ಇದು ಇದೆಯಾ ಅಂತ.

ನಮ್ಮ ವರದಿಗೆ 66 ಬಂತು. ವರ್ಷದ ಕೊನೆಗೆ ನನ್ನ ಸರಾಸರಿ 63. ಮೆರಿಟ್.

ಪ್ರಾಜೆಕ್ಟ್ ಇಲ್ಲದ ಗ್ರೂಪು

ನಮ್ಮ ಗ್ರಂಥಾಲಯದ ಕೆಳ ಅಂತಸ್ತಿನಲ್ಲಿ ಖುಷಿಗೆ ಓದುವ ಪುಸ್ತಕಗಳಿಗೆಂದೇ ಒಂದು ಕಪಾಟು ಇತ್ತು. ಅಲ್ಲೊಂದು ದಿನ ವಿವೇಕ ಶಾನಭಾಗರ 'ಘಾಚರ್ ಘೋಚರ್', ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ ಸಿಕ್ಕಿತು. ನೈಜೀರಿಯಾದ ಅಕ್ಕನಿಗೆ ಕೊಟ್ಟೆ. ಒಂದೇ ರಾತ್ರಿಗೆ ಮುಗಿಸಿ ಬಂದು, "ಇದು ಲಾಗೋಸ್‌ನಲ್ಲಿರೋ ನನ್ನ ಮಾವನ ಮನೆ ಕಥೆ, ನಿಮ್ಮವರಿಗೆ ಹೇಗೆ ಗೊತ್ತಾಯಿತು?" ಅಂದಳು. ದಿಢೀರನೆ ಬಂದ ದುಡ್ಡು, ಒಂದೇ ಸೂರಿನಡಿ ಹೇಳಲಾಗದ ಮಾತುಗಳು. ಆಮೇಲೆ ಅದು ಚೀನಾದ ಹುಡುಗಿಯ ಕೈಗೆ ಹೋಯಿತು, ಅಲ್ಲಿಂದ ಟರ್ಕಿಯವನಿಗೆ.

ಹೀಗೆ ನಾಲ್ಕು ಜನರ ಒಂದು ಕೂಟ ಆಯಿತು. ಗಡುವಿಲ್ಲ, ಅಧ್ಯಕ್ಷರಿಲ್ಲ, ಓದದೆ ಬಂದರೂ ಚಹಾ ಇದೆ. ಅದೇ ಜನ, ಪ್ರಾಜೆಕ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಬೇಸರಪಡುತ್ತಿದ್ದವರು, ಇಲ್ಲಿ ಎರಡು ತಾಸು ಹರಟುತ್ತಿದ್ದೆವು.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ಅನುವಾದ ದೀಪಾ ಭಾಸ್ತಿಯವರದು. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಪ್ರಕಟಿಸಿದ್ದು ಶೆಫೀಲ್ಡ್‌ನ ಒಂದು ಪುಟ್ಟ ಪ್ರಕಾಶನ. ಚೀನಾದ ಹುಡುಗಿ ಪುಸ್ತಕದಂಗಡಿಯ ಕಿಟಕಿಯಿಂದ ಫೋಟೊ ತೆಗೆದು ಕಳಿಸಿದಳು: "ಇದು ನಿನ್ನ ಭಾಷೆ ತಾನೆ?"

ಹೌದು, ನನ್ನ ಭಾಷೆ ಅಂದೆ. ಅಷ್ಟೇ ಅಲ್ಲ, ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ದಲ್ಲಿ ತಿರುಳ್ಗನ್ನಡದ ನಾಡು ಯಾವುದು ಎಂದು ಹೇಳುವಾಗ ಬರುವ ನಾಲ್ಕು ಊರುಗಳಲ್ಲಿ ನಮ್ಮ ಕೊಪ್ಪಳವೂ ಒಂದು ಅಂತಲೂ ಹೇಳಿದೆ. ಬೆಂಗಳೂರಿನಲ್ಲಿ ನನ್ನ ಮಾತು ಕೇಳಿ "ನಿಮ್ಮದು ಯಾವ ಕಡೆ ಕನ್ನಡ?" ಅಂತ ನಕ್ಕವರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತದು. ನಿಂಗ್ಬೊ ಹುಡುಗಿಯ ಮುಂದೆ ಖರ್ಚಾಯಿತು.

ಲೆಕ್ಕ ಇರುವ ಕಡೆ, ಇಲ್ಲದ ಕಡೆ

ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತಿಂಗಳ ಮೊದಲ ವಾರ ಕಂತು ಕಟ್ಟುತ್ತೇನೆ. ಮನೆ ಕಾಗದ ಇನ್ನೂ ಬ್ಯಾಂಕಿನಲ್ಲೇ ಇದೆ, ಇನ್ನೂ ಕೆಲವು ವರ್ಷ ಅಲ್ಲೇ ಇರುತ್ತದೆ. ಆಫೀಸಿನ ಟೀಮಿನಲ್ಲೂ "ಒಟ್ಟಾರೆ ನೋಡಿಕೊಳ್ಳುವವರು" ಇದ್ದಾರೆ, ಕೊನೇ ದಿನ ಅಕ್ಷರ ಬದಲಿಸುವವರೂ ಇದ್ದಾರೆ. ವಾರದ ಮೊದಲ ದಿನ ಪಾಲಿಗೆ ಹೆಸರು ಬರೆಸುತ್ತೇನೆ. ಕೆಲವರಿಗೆ ಇಷ್ಟವಾಗುವುದಿಲ್ಲ. ಆದರೆ ಜೂನಿಯರ್ ಹುಡುಗರಿಗೆ ಇಷ್ಟ, ಯಾಕೆಂದರೆ ಅಪ್ರೈಸಲ್ ಹೊತ್ತಿಗೆ ಅವರು ತಂದ ರೊಟ್ಟಿ ಎಲ್ಲರಿಗೂ ಕಾಣುತ್ತದೆ.

ಓದಿಗೆ ಮಾತ್ರ ಈ ನಿಯಮ ಹಚ್ಚಬೇಡಿ. ಈಚೆಗೆ ನಮ್ಮ ವಯಸ್ಸಿನವರು ಅದನ್ನೂ ಪ್ರಾಜೆಕ್ಟು ಮಾಡಿಕೊಂಡಿದ್ದೇವೆ: ವರ್ಷಕ್ಕೆ ಐವತ್ತು ಪುಸ್ತಕ, ದಿನಕ್ಕೆ ಇಪ್ಪತ್ತು ಪುಟ, ಮುಗಿಸಿದ್ದಕ್ಕೆ ಸ್ಟೇಟಸ್. ಹತ್ತು ಪುಟ ಓದಿ ಬಿಟ್ಟರೂ ಯಾರಿಗೂ ವರದಿ ಕೊಡಬೇಕಾಗಿಲ್ಲ. ಓದಿದ್ದನ್ನೇ ಮತ್ತೆ ಓದಿದರೂ ಅಡ್ಡಿಯಿಲ್ಲ. ದುಡಿಮೆಗೆ ಲೆಕ್ಕ ಬೇಕು, ಇಲ್ಲದಿದ್ದರೆ ಮೋಸ ಹೋಗುತ್ತೇವೆ. ಓದಿಗೆ ಲೆಕ್ಕ ಬಂದರೆ ಅದೂ ದುಡಿಮೆಯೇ ಆಗಿಬಿಡುತ್ತದೆ.

ಈ ಸೆಪ್ಟೆಂಬರ್‌ಗೆ ಹೊರಟವರು ಯಾರಾದರೂ ಓದುತ್ತಿದ್ದರೆ ಎರಡೇ ಮಾತು. ಗುಂಪಿನ ಮೊದಲ ಮೀಟಿಂಗಿನಲ್ಲೇ ಪಾಲಿಗೆ ಹೆಸರು ಬರೆಸಿ. ಸೂಟ್‌ಕೇಸು ತೂಕ ಮಾಡುವಾಗ ತೆಳ್ಳಗಿನದೊಂದು ಕನ್ನಡ ಕಾದಂಬರಿ ನೋಡಿ ಇಟ್ಟುಕೊಳ್ಳಿ. ರೊಟ್ಟಿ ನಡುವೆ ಇಟ್ಟರೆ ಅವ್ವನಿಗೆ ಕಾಣುವುದಿಲ್ಲ.